ಜೀವ ಉಳೀತಲ್ಲ, ಸಾಕು ಬಿಡ್ರಿ

ನಮ್ಮ ಸೋದರಮಾವ ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನ ಕೈಗೆ ಒಂದು ಚೀಟಿ ಕೊಟ್ಟರು. ಅದರಲ್ಲಿ ‘ದಾವಣಗೆರೆ, ಒಂದು’ ಎಂದು ಬರೆದಿತ್ತು. ಕಂಡಕ್ಟರ್ ಚೀಟಿ ನೋಡಿದ, ಮಾವ ಬಾಯಿಗೆ ಅಡ್ಡ ಹಿಡಿದ ಟವೆಲ್ ನೋಡಿದ, ಆಮೇಲೆ ಕಿವುಡರಿಗೆ ಹೇಳುವ ಹಾಗೆ ಎರಡೂ ಕೈ ಆಡಿಸಿ ಹಿಂದಿನ ಸೀಟು ತೋರಿಸಿದ. ಮಾವನ ಕಿವಿಗೆ ಏನೂ ಆಗಿರಲಿಲ್ಲ. ಹೋಗಿದ್ದದ್ದು ಮೇಲ್ದವಡೆಯ ಎಡಭಾಗ, ಆ ಕಡೆಯ ಹಲ್ಲು, ಅದಕ್ಕೆ ಹತ್ತಿಕೊಂಡ ಅರ್ಧ ಅಂಗುಳ. ಕ್ಯಾನ್ಸರ್. ಆಪರೇಷನ್ ಆಗಿ ನಾಲ್ಕು ತಿಂಗಳಾಗಿತ್ತು.

ಆ ನಾಲ್ಕು ತಿಂಗಳಲ್ಲಿ ಮನೆಗೆ ನೋಡಲು ಬಂದವರೆಲ್ಲ ಆಡಿದ್ದು ಒಂದೇ ಮಾತು: “ಜೀವ ಉಳೀತಲ್ಲ, ಸಾಕು ಬಿಡ್ರಿ.” ದೂರದ ಊರಿನಲ್ಲಿ ಆಪರೇಷನ್ ಮಾಡಿದ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದವೂ ತನ್ನ ಭಾಷೆಯಲ್ಲಿ ಅದನ್ನೇ ಹೇಳಿತ್ತು. ಮಾತ್ರೆ, ಡ್ರೆಸ್ಸಿಂಗ್, ರೇಡಿಯೇಷನ್ನಿನ ದಿನಾಂಕ ಎಲ್ಲ ಇದ್ದವು. ಬಾಯಿಯ ಮಾಳಿಗೆಯಲ್ಲಿ ಬಿಟ್ಟು ಕಳಿಸಿದ್ದ ತೂತಿನ ಬಗ್ಗೆ ಒಂದು ಸಾಲಿರಲಿಲ್ಲ. ಕೇಳಿದ್ದಕ್ಕೆ ಬಂದ ಉತ್ತರ: “ಅದು ಕಾಸ್ಮೆಟಿಕ್. ಆಮೇಲೆ ನೋಡೋಣ.”

ನನ್ನ ಜಗಳ ಈ ಎರಡು ಪದಗಳ ಜೊತೆ. ಒಂದು ‘ಕಾಸ್ಮೆಟಿಕ್’, ಇನ್ನೊಂದು ‘ಆಮೇಲೆ’.

ಮೊದಲನೆಯದನ್ನು ಒಂದನೇ ಕ್ಲಾಸಿನ ಮಕ್ಕಳ ಮುಂದಿಟ್ಟು ಪರೀಕ್ಷೆ ಮಾಡಬಹುದು. ಕ ಖ ಗ ಘ ಙ ಎಂದು ನಾವೆಲ್ಲ ಬಾಯಿಪಾಠ ಮಾಡಿದ ಸಾಲುಗಳಲ್ಲಿ ಕೊನೆಯ ಅಕ್ಷರ ಮೂಗಿನದು, ಅದರ ಹಿಂದಿನ ನಾಲ್ಕು ಬಾಯಿಯವು. ಎರಡರ ನಡುವಿನ ಗೋಡೆಯೇ ಅಂಗುಳ. ಆ ಗೋಡೆ ಬಿದ್ದರೆ ಸಾಲಿಗೆ ಸಾಲೇ ಐದನೇ ಅಕ್ಷರದ ಕಡೆಗೆ ಜಾರುತ್ತದೆ. ಬ ಎಂದರೆ ಮ ಕೇಳಿಸುತ್ತದೆ, ದ ಎಂದರೆ ನ, ಡ ಎಂದರೆ ಣ. ಪ, ತ, ಕ ಹುಟ್ಟಬೇಕಾದರೆ ಬಾಯೊಳಗೆ ಗಾಳಿ ಒಂದು ಕ್ಷಣ ಕಟ್ಟಿ ನಿಲ್ಲಬೇಕು. ಮೇಲೆ ತೂತಿರುವ ಬಾಯಲ್ಲಿ ಗಾಳಿ ಕಟ್ಟುವುದು ಹರಿದ ಟ್ಯೂಬಿಗೆ ಪಂಪು ಹೊಡೆದಂತೆ. ವೈಯಾಕರಣರು ತಾಲವ್ಯ ಎಂದು ಕರೆದ ಚ, ಜ, ಶಗಳಿಗೆ ನಾಲಿಗೆ ಎದ್ದು ಹೋಗಿ ತಾಗಬೇಕಾದ ತಾಲುವೇ ಇರುವುದಿಲ್ಲ. ‘ಹರಿಹರ’ ಎಂಬ ಹೆಸರು ಹೇಗೋ ಗುಂಯ್‌ಗುಟ್ಟಿಕೊಂಡಾದರೂ ಹೊರಡುತ್ತದೆ, ಅದು ಹಕಾರ ರಕಾರಗಳ ಊರು. ‘ದಾವಣಗೆರೆ’ ಹೊರಡುವುದಿಲ್ಲ. ಅದು ‘ನಾವಣಙೆರೆ’ ಆಗುತ್ತದೆ. ಮಾವ ಎರಡು ಸಲ ಹಾಗೆ ಹೇಳಿ, ಬಸ್ಸಿನಲ್ಲಿದ್ದ ಹುಡುಗರು ನಕ್ಕ ಮೇಲೆ ಚೀಟಿ ಬರೆಯಲು ಶುರುಮಾಡಿದ್ದು. ಇದರಲ್ಲಿ ಪೌಡರು, ಸ್ನೋ, ಶೋಕಿ ಎಲ್ಲಿದೆ?

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎನ್ನುವವರು ನಾವು. ಎರಡೂ ಅಂಗುಳದ ಕೆಳಗೇ ನಡೆಯುವ ವ್ಯವಹಾರ. ನೀರು ಕುಡಿದರೆ ಮೂಗಿನಿಂದ ಬರುತ್ತದೆ, ಗಂಜಿ ಕುಡಿದರೆ ಗಂಜಿ. ರೊಟ್ಟಿಯ ಚೂರು ಮೇಲೆ ಹೋಗಿ ಸೈನಸ್ಸಿನ ಗೂಡಿನಲ್ಲಿ ಕೂತು ಎರಡು ದಿನಕ್ಕೆ ನಾರುತ್ತದೆ. ಮಂಡಕ್ಕಿಯ ಮಾತೇ ಬೇಡ, ಅದು ಹಗುರ, ಉಸಿರೆಳೆದರೆ ಸಾಕು ಮೇಲೇರುತ್ತದೆ. ದಾವಣಗೆರೆ ಸೀಮೆಯಲ್ಲಿ ಒಬ್ಬ ಮನುಷ್ಯನಿಗೆ ಮಿರ್ಚಿ ಮಂಡಕ್ಕಿ ಇಲ್ಲ ಎಂದರೆ ಅದು ಬಹಿಷ್ಕಾರಕ್ಕೆ ಸಮ ಎಂದು ಹೊರಗಿನವರಿಗೆ ವಿವರಿಸುವುದು ಕಷ್ಟ. ನಾಲ್ಕು ಜನರೆದುರು ಉಣ್ಣಲಾಗದವನು ಮದುವೆಗೆ ಹೋಗುವುದಿಲ್ಲ, ಹೋಟೆಲಿಗೆ ಹೋಗುವುದಿಲ್ಲ, ಕೊನೆಗೆ ಮನೆಯಲ್ಲೂ ಗೋಡೆಗೆ ಮುಖ ಮಾಡಿ ಕೂರುತ್ತಾನೆ. ರೇಡಿಯೇಷನ್ ತಡೆದುಕೊಳ್ಳಲು ಮೈಯಲ್ಲಿ ಶಕ್ತಿ ಬೇಕಾದ ತಿಂಗಳುಗಳಲ್ಲೇ ಮೈ ಇಳಿಯುತ್ತದೆ. ಉಳಿದ ಜೀವವನ್ನು ಉಳಿಸಿಕೊಳ್ಳುವ ಕೆಲಸವನ್ನು ಅಲಂಕಾರ ಎಂದು ಕರೆಯುವವರು ಮೂಗಿಗೂ ಮೂಗುತಿಗೂ ವ್ಯತ್ಯಾಸ ತಿಳಿಯದವರು.

ಈ ತೂತು ಮುಚ್ಚುವ ಸಾಧನಕ್ಕೆ ಪುಸ್ತಕದಲ್ಲಿ ಆಬ್ಚುರೇಟರ್ ಎಂದು ಹೆಸರು. ರೋಗಿಗಳ ಬಾಯಲ್ಲಿ ಅದು ‘ಪ್ಲೇಟು’. ಹಲ್ಲಿನ ಸೆಟ್ಟಿನಂತೆಯೇ ಇರುತ್ತದೆ, ಬೆನ್ನಿಗೆ ಮಾತ್ರ ತೂತಿನೊಳಗೆ ಕೂರುವ ಒಂದು ಉಬ್ಬು. ಹೊಸದೇನಲ್ಲ. 16ನೇ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರೂವಾಸ್ ಪಾರೆ ಲೋಹದ ತಗಡಿಗೆ ಸ್ಪಂಜು ಕಟ್ಟಿ ಅಂಗುಳದ ತೂತು ಮುಚ್ಚುವ ಬಗೆಯನ್ನು ಬರೆದಿಟ್ಟಿದ್ದಾನೆ.

ಇದು ಕಾಸ್ಮೆಟಿಕ್ ಅಲ್ಲ ಎನ್ನುವುದಕ್ಕೆ ನನಗೆ ಸಿಕ್ಕ ದೊಡ್ಡ ಸಾಕ್ಷಿ ಅಮೆರಿಕದ ಒಬ್ಬ ಅಧ್ಯಕ್ಷ. ಗ್ರೋವರ್ ಕ್ಲೀವ್‌ಲ್ಯಾಂಡ್‌ಗೆ 1893ರಲ್ಲಿ ಅಂಗುಳದಲ್ಲಿ ಗಡ್ಡೆ ಕಾಣಿಸಿಕೊಂಡಿತು. ದೇಶ ಹಣಕಾಸಿನ ಮುಗ್ಗಟ್ಟಿನಲ್ಲಿತ್ತು, ಸುದ್ದಿ ಹೊರಬಿದ್ದರೆ ಮಾರುಕಟ್ಟೆ ಇನ್ನಷ್ಟು ಕುಸಿಯುವ ಭಯ. ಜುಲೈ 1ರಂದು ಒನೈಡಾ ಎಂಬ ವಿಹಾರ ನೌಕೆಯಲ್ಲಿ, ಸಮುದ್ರದ ಮೇಲೆ, ಗುಟ್ಟಾಗಿ ಎಡಗಡೆಯ ಮೇಲ್ದವಡೆಯ ಭಾಗವನ್ನು ಬಾಯೊಳಗಿನಿಂದಲೇ ತೆಗೆದರು. ಹಡಗಿನಲ್ಲಿ ಶಸ್ತ್ರವೈದ್ಯರ ಜೊತೆ ಒಬ್ಬ ಹಲ್ಲಿನ ಡಾಕ್ಟರೂ ಇದ್ದ. ಆಮೇಲೆ ಕ್ಯಾಸನ್ ಗಿಬ್ಸನ್ ಎಂಬ ಇನ್ನೊಬ್ಬ ದಂತವೈದ್ಯ ಗಟ್ಟಿ ರಬ್ಬರಿನ ಪ್ಲೇಟು ಮಾಡಿಕೊಟ್ಟ. ಅದು ಎಷ್ಟು ಸರಿಯಾಗಿ ಕೂತಿತೆಂದರೆ, ಒಬ್ಬ ಪತ್ರಕರ್ತ ನಿಜ ಸುದ್ದಿಯನ್ನು ಅಚ್ಚು ಹಾಕಿದರೂ ಜನ ನಂಬಲಿಲ್ಲ. ಅಧ್ಯಕ್ಷರು ಚೆನ್ನಾಗಿಯೇ ಮಾತಾಡುತ್ತಿದ್ದರಲ್ಲ. ಆಪರೇಷನ್ನಿನಲ್ಲಿದ್ದ ವೈದ್ಯ ಕೀನ್ ನಿಜವನ್ನು ಬರೆದದ್ದು 1917ರಲ್ಲಿ, ಕ್ಲೀವ್‌ಲ್ಯಾಂಡ್ ಸತ್ತು ಒಂಬತ್ತು ವರ್ಷದ ಮೇಲೆ. ಒಂದು ಸರ್ಕಾರದ ಗುಟ್ಟನ್ನು ಕಾಪಾಡಿದ್ದು ಒಂದು ರಬ್ಬರ್ ತುಂಡು. ಅಧ್ಯಕ್ಷನಿಗೆ ಅದು ರಾಜ್ಯಕಾರಣ, ನಮ್ಮ ಮಾವನಂಥ ಹರಿಹರದ ರಿಟೈರ್ಡ್ ಟರ್ನರ್‌ಗೆ ಕಾಸ್ಮೆಟಿಕ್!

ಈಗ ‘ಆಮೇಲೆ’. ನನ್ನ ನಿಜವಾದ ಸಿಟ್ಟು ಇರುವುದು ಇದರ ಮೇಲೆ.

ಆಪರೇಷನ್ ಆಗಲಿ, ಗಾಯ ಒಣಗಲಿ, ರೇಡಿಯೇಷನ್ ಮುಗಿಯಲಿ, ಆಮೇಲೆ ಹಲ್ಲಿನವರ ಹತ್ತಿರ ಹೋಗಿ ಎನ್ನುವುದು ಕೇಳಲು ನ್ಯಾಯವಾಗಿಯೇ ಇದೆ. ಮನೆ ಕಟ್ಟಿದ ಮೇಲೆ ಸುಣ್ಣ ಬಳಿದ ಹಾಗೆ. ಆದರೆ ಪ್ಲೇಟು ಸುಣ್ಣವಲ್ಲ, ಪಾಯದ ಲೆಕ್ಕದ್ದು. ಸರಿಯಾದ ಕ್ರಮದಲ್ಲಿ ಕೆಲಸ ಶುರುವಾಗುವುದು ಚಾಕು ಹಿಡಿಯುವ ಮೊದಲು. ಬಾಯಿ ಇನ್ನೂ ಇಡಿಯಾಗಿರುವಾಗ ದಂತವೈದ್ಯರು ಅಳತೆ ತೆಗೆಯುತ್ತಾರೆ. ಟ್ರೇ ತುಂಬ ಅಚ್ಚಿನ ಪೇಸ್ಟು ತುಂಬಿ ಬಾಯಿಗಿಟ್ಟರೆ ಕೆಲವೇ ನಿಮಿಷದ ಕೆಲಸ. ಆ ಅಚ್ಚಿನಿಂದ ಬಂದ ಗಚ್ಚಿನ ದವಡೆಯ ಮೇಲೆ ಸರ್ಜನ್ ಪೆನ್ಸಿಲಿನಿಂದ ಗೆರೆ ಎಳೆದು ‘ಇಲ್ಲಿಂದ ಇಲ್ಲಿಗೆ ತೆಗೆಯುತ್ತೇನೆ’ ಎಂದು ತೋರಿಸುತ್ತಾರೆ. ಗಚ್ಚಿನ ಮೇಲೆ ಆ ಹಲ್ಲುಗಳನ್ನು ಕೆರೆದುಹಾಕಿ ಅದರ ಮೇಲೆ ಒಂದು ಸಾದಾ ಅಕ್ರಿಲಿಕ್ ಪ್ಲೇಟು ಮಾಡಿಡುತ್ತಾರೆ. ಆಪರೇಷನ್ ಟೇಬಲ್ಲಿನಲ್ಲಿ ದವಡೆ ಹೊರಬಂದ ಗಳಿಗೆಯಲ್ಲೇ, ಗಾಯಕ್ಕೆ ಗಾಜ್ ತುಂಬಿ, ಈ ಪ್ಲೇಟನ್ನು ಉಳಿದ ಹಲ್ಲುಗಳಿಗೆ ತಂತಿಯಿಂದಲೋ ಮೂಳೆಗೆ ಸ್ಕ್ರೂನಿಂದಲೋ ಬಿಗಿಯುತ್ತಾರೆ. ರೋಗಿಗೆ ಎಚ್ಚರವಾದಾಗ ಬಾಯಿಗೆ ಮಾಳಿಗೆ ಇರುತ್ತದೆ. ಮಾತಾಡಿದರೆ ಅರ್ಥವಾಗುತ್ತದೆ. ಮೂಗಿನ ಮೂಲಕ ಆಹಾರ ಕೊಡುವ ನಳಿಗೆಯ ದಿನಗಳು ಕಡಿಮೆಯಾಗುತ್ತವೆ, ಕೆಲವರಿಗೆ ಬೇಡವೂ ಆಗಬಹುದು. ವಾರ ಹತ್ತು ದಿನಕ್ಕೆ ಗಾಜ್ ಬಿಚ್ಚಿ ಎರಡನೇ ಪ್ಲೇಟು. ಗಾಯ ಕುಗ್ಗಿದಂತೆಲ್ಲ ಅದರ ಒಳಮೈಗೆ ಮೆತ್ತನೆ ಪದರ ಹಾಕಿ ಹೊಂದಿಸುತ್ತ ಹೋಗುತ್ತಾರೆ. ಎಲ್ಲ ಒಂದು ನೆಲೆಗೆ ನಿಂತ ಮೇಲೆ, ಕೆಲವು ತಿಂಗಳಾದ ಮೇಲೆ, ಖಾಯಂ ಪ್ಲೇಟು. ಅಂದರೆ ‘ಆಮೇಲೆ’ ಎನ್ನುವವರು ಮೂರು ಮೆಟ್ಟಿಲಲ್ಲಿ ಎರಡನ್ನು ಕಿತ್ತುಹಾಕಿ ಮೂರನೆಯದಕ್ಕೆ ಹಾರು ಎನ್ನುತ್ತಿದ್ದಾರೆ.

ಹಾರಲು ಆಗುವುದೂ ಇಲ್ಲ. ಖಾಲಿ ಬಿಟ್ಟ ಗಾಯ ಸುಮ್ಮನೆ ಕೂರುವುದಿಲ್ಲ, ಎಳೆಯುತ್ತದೆ. ಕೆನ್ನೆ ಒಳಗೆ ಸೇರುತ್ತದೆ, ತುಟಿ ಒಂದು ಕಡೆಗೆ ಹೋಗುತ್ತದೆ. ರೇಡಿಯೇಷನ್ ಆದವರಿಗೆ ದವಡೆಯ ಸ್ನಾಯು ಬಿಗಿಯುತ್ತದೆ. ಅಡಿಕೆ ಜಗಿದು ಜಗಿದು ಕೆನ್ನೆಯ ಒಳಪದರ ಮೊದಲೇ ಹಗ್ಗದಂತೆ ಗಟ್ಟಿಯಾದ ಬಾಯಿಗಳು ನಮ್ಮ ಚನ್ನಗಿರಿ, ಹೊನ್ನಾಳಿ ಕಡೆ ಕಡಿಮೆಯೇನಲ್ಲ. ಮೂರು ಬೆರಳು ತೂರಬೇಕಾದ ಬಾಯಿಗೆ ಒಂದು ಬೆರಳು ತೂರುತ್ತದೆ. ಅಳತೆಯ ಟ್ರೇ ಒಳಗೆ ಹೋಗಲು ದಾರಿಯೇ ಇಲ್ಲದಾಗ, ಪ್ಲೇಟು ಮಾಡುವುದು ಹೇಗೆ, ಮಾಡಿದರೆ ಒಳಗೆ ಇಡುವುದು ಹೇಗೆ? ಮಾವನಿಗೆ ಇಲ್ಲಿನ ಡೆಂಟಲ್ ಕಾಲೇಜೊಂದರಲ್ಲಿ ಮೊದಲ ಆರು ವಾರ ಮಾಡಿಸಿದ್ದು ಪ್ಲೇಟಲ್ಲ. ಹಲ್ಲಿನ ನಡುವೆ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ಬಾಯಿ ಅಗಲಿಸುವ ವ್ಯಾಯಾಮ. ಎಂಟು ಕಡ್ಡಿಯಿಂದ ಶುರುವಾಗಿ ಹದಿನಾಲ್ಕಕ್ಕೆ ಬಂದ ದಿನ ಅಳತೆ ತೆಗೆದರು. ಆಪರೇಷನ್ನಿಗೆ ಮುಂಚೆ ಆಗಿದ್ದರೆ ಅರ್ಧ ಗಂಟೆಯ ಕೆಲಸ.

ಇನ್ನೊಂದು ಸಂಗತಿ ಇದೆ, ಚಿಕ್ಕದು, ಆದರೆ ನನಗೆ ಇದಕ್ಕಿಂತ ದೊಡ್ಡ ವಾದ ಕಾಣಲಿಲ್ಲ. ಒಂದು ಹಲ್ಲಿನ ಸಂಗತಿ. ದವಡೆ ಕತ್ತರಿಸುವಾಗ ಗರಗಸ ಎರಡು ಹಲ್ಲುಗಳ ನಡುವೆ ಹೋದರೆ, ಉಳಿಯುವ ಹಲ್ಲಿನ ಪಕ್ಕದ ಮೂಳೆಯೂ ಸವೆದುಹೋಗಿ ಆ ಹಲ್ಲು ಬೇಗ ಅಲುಗಾಡುತ್ತದೆ. ಅದರ ಬದಲು ಗೆರೆಯ ಮೇಲಿನ ಹಲ್ಲೊಂದನ್ನು ಮೊದಲು ಕಿತ್ತು, ಅದರ ಗೂಡಿನ ನಡುವೆ ಗರಗಸ ಹಾಯಿಸಿದರೆ ಪಕ್ಕದ ಹಲ್ಲಿಗೆ ಮೂಳೆಯ ಆಸರೆ ಉಳಿಯುತ್ತದೆ. ಮುಂದೆ ಪ್ಲೇಟಿನ ಕೊಕ್ಕೆ ಹಿಡಿದುಕೊಳ್ಳುವುದು ಆ ಹಲ್ಲನ್ನೇ. ದಂತತಜ್ಞ ಮೊಹಮ್ಮದ್ ಅರಮಾನಿ 1978ರಲ್ಲಿ ಈ ತೂತುಗಳನ್ನು ಆರು ವರ್ಗ ಮಾಡಿದಾಗ ಆತ ಲೆಕ್ಕಕ್ಕೆ ತೆಗೆದುಕೊಂಡದ್ದು ತೂತು ಎಷ್ಟು ದೊಡ್ಡದು ಎನ್ನುವುದನ್ನಲ್ಲ. ಉಳಿದ ಹಲ್ಲುಗಳು ಎಲ್ಲಿವೆ, ತೂತು ಅವುಗಳಿಗೆ ಯಾವ ಕಡೆಗಿದೆ ಎನ್ನುವುದನ್ನು. ಹೋದದ್ದರ ಲೆಕ್ಕ ಸರ್ಜನ್ನರದ್ದು, ಉಳಿದದ್ದರ ಲೆಕ್ಕ ಹಲ್ಲಿನವರದ್ದು. ಎರಡು ಲೆಕ್ಕವೂ ಒಂದೇ ದಿನ, ಒಂದೇ ಮೇಜಿನ ಮೇಲೆ ಆಗದಿದ್ದರೆ ಇಂಥ ಹಲ್ಲು ಉಳಿಯುವುದಿಲ್ಲ.

ಇದನ್ನು ನನಗಿಂತ ಚೆನ್ನಾಗಿ ಅರ್ಥಮಾಡಿಕೊಂಡವರು ಮಾವ. ಅವರು ಹರಿಹರದ ಯಂತ್ರಪುರದವರು. ಮೈಸೂರು ಕಿರ್ಲೋಸ್ಕರ್ ಲೇತ್‌ಗಳನ್ನು ಮಾಡುತ್ತಿದ್ದ, ಈಗ ಮುಚ್ಚಿರುವ ಆ ಕಾರ್ಖಾನೆಯ ಕಾಲದ ಕೈ. ಅರ್ಧ ದವಡೆಯ ಮೇಲೆ ಪ್ಲೇಟು ಯಾಕೆ ನಿಲ್ಲುವುದಿಲ್ಲ ಎಂದು ಪಿ.ಜಿ. ಓದುವ ಹುಡುಗಿ ಕಷ್ಟಪಟ್ಟು ವಿವರಿಸುತ್ತಿದ್ದಾಗ, ಅವರು ಹಾಳೆ ತೆಗೆದುಕೊಂಡು ಬರೆದು ತೋರಿಸಿದರು: “ಚಕ್ಕಿಗೆ ಕಚ್ಚಿಸಿದ ಉದ್ದನೆ ಜಾಬು, ಟೇಲ್‌ಸ್ಟಾಕ್ ಇಲ್ಲ. ಅಷ್ಟೇ ಅಲ್ಲೇನಮ್ಮ?” ಅಷ್ಟೇ. ಒಂದು ಕಡೆ ಹಿಡಿತ, ಇನ್ನೊಂದು ಕಡೆ ಗಾಳಿ. ಆ ಗಾಳಿಯ ಕಡೆಯ ಉಬ್ಬು ತೂಕವಾದರೆ ಪ್ಲೇಟು ಜೋಲುತ್ತದೆ, ಜೋತರೆ ಹಿಡಿದ ಹಲ್ಲು ಬೀಳುತ್ತದೆ. ಅದಕ್ಕೇ ಉಬ್ಬನ್ನು ಒಳಗೆ ಟೊಳ್ಳು ಮಾಡುತ್ತಾರೆ. ಹಲ್ಲೇ ಇಲ್ಲದ ಮುದುಕರಿಗಂತೂ ಹಿಡಿತವೇ ಒಂದು ದೊಡ್ಡ ಯೋಚನೆ.

ಇನ್ನು ‘ತಾನೇ ತಂದುಕೊಂಡದ್ದು’ ಎಂಬ ಮಾತು. ಬಾಯಿಬಿಟ್ಟು ಆಡದಿದ್ದರೂ ಎಲ್ಲರ ಮನಸ್ಸಿನಲ್ಲಿ ಇರುತ್ತದೆ. ಗುಟ್ಕಾ ಹಾಕಿದ, ಅನುಭವಿಸಲಿ. ಅಡಿಕೆಯೊಂದೇ ಸಾಕು ಕ್ಯಾನ್ಸರ್ ತರಲು, ತಂಬಾಕು ಸೇರಲೇಬೇಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿತು. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಅಂಗಡಿಗಳು ಪಾನ್ ಮಸಾಲೆಯ ಚೀಟು ಒಂದು, ತಂಬಾಕಿನ ಚೀಟು ಒಂದು ಎಂದು ಬೇರೆ ಬೇರೆ ಮಾರಿ ಜೊತೆಯಾಗಿ ಕೊಟ್ಟವು. ಅಡಿಕೆಯ ದುಡ್ಡಿನಿಂದ ಮನೆ ಎದ್ದಾಗ, ಮದುವೆ ಆದಾಗ, ಕಾಲೇಜಿನ ಡೊನೇಷನ್ ಕಟ್ಟಿದಾಗ ಇಡೀ ಸೀಮೆ ಪಾಲುದಾರ. ರೋಗ ಬಂದಾಗ ಮಾತ್ರ ಅವನೊಬ್ಬನದೇ ತಪ್ಪು. ಇರಲಿ, ತಪ್ಪೆಂದೇ ಒಪ್ಪೋಣ. 2021ರಲ್ಲಿ ಕೋವಿಡ್ ಬೆನ್ನಿಗೇ ಬಂದ ಕಪ್ಪು ಶಿಲೀಂಧ್ರದವರದು ಯಾವ ತಪ್ಪು? ಸಕ್ಕರೆ ಕಾಯಿಲೆ, ಕೋವಿಡ್ಡಿಗೆ ಕೊಟ್ಟ ಸ್ಟೀರಾಯ್ಡ್; ಮೂಗಿನಿಂದ ಸೈನಸ್ಸಿಗೆ, ಸೈನಸ್ಸಿನಿಂದ ಅಂಗುಳಕ್ಕೆ ಇಳಿದು ಮೂಳೆಯನ್ನೇ ಕೊಲ್ಲುವ ಶಿಲೀಂಧ್ರ. ಆ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು, ಆಂಫೊಟೆರಿಸಿನ್ ಇಂಜೆಕ್ಷನ್ ಎಷ್ಟು ಬಂತು ಎಂದು ಟೀವಿಯವರು ದಿನಾ ಲೆಕ್ಕ ಕೊಟ್ಟರು. ಇಂಜೆಕ್ಷನ್ ಬಂತು, ಸುದ್ದಿ ಮುಗಿಯಿತು. ದವಡೆ ಕಳೆದುಕೊಂಡು ಮನೆಗೆ ಬಂದವರನ್ನು ಕ್ಯಾಮೆರಾ ಹಿಂಬಾಲಿಸಲಿಲ್ಲ. ಅವರಿಗೆ ಮಾಸ್ಕ್ ಇತ್ತು. ಬೇರೆಯವರೆಲ್ಲ ತೆಗೆದ ಮೇಲೂ ಅವರು ತೆಗೆಯಲಿಲ್ಲ.

ಒಂದು ಗಟ್ಟಿ ಆಕ್ಷೇಪವೂ ಇದೆ, ಅದಕ್ಕೆ ಉತ್ತರ ಕೊಡಲೇಬೇಕು. ಕಾಲಿನ ಮೂಳೆ ತೆಗೆದು, ರಕ್ತನಾಳಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಹೊಲಿದು ಹೊಸ ದವಡೆ ಕಟ್ಟುವ ಕಾಲದಲ್ಲಿ, ಬಿಚ್ಚಿ ಹಾಕುವ ಪ್ಲೇಟು ಬಡವರ ಸಮಾಧಾನವಲ್ಲವೇ ಎನ್ನುತ್ತಾರೆ. ಆ ಶಸ್ತ್ರಚಿಕಿತ್ಸೆ ದೊಡ್ಡದು, ಆಗುವವರಿಗೆ ಆಗಲಿ. ತೂತು ತೀರ ದೊಡ್ಡದಾದಾಗ ಅದೇ ಒಳ್ಳೆಯ ದಾರಿಯೂ ಹೌದು. ಆದರೆ ಇಡೀ ದಿನದ ಆಪರೇಷನ್ ತಡೆಯದ ಮೈಗಳಿವೆ, ಆ ಕೈಚಳಕ ಇಲ್ಲದ ಊರುಗಳಿವೆ. ಪ್ಲೇಟು ಬಿಚ್ಚಿದರೆ ಒಳಗೆ ರೋಗ ಮತ್ತೆ ತಲೆಯೆತ್ತಿದೆಯೇ ಎಂದು ಡಾಕ್ಟರು ಟಾರ್ಚು ಹಿಡಿದು ನೋಡಬಹುದು, ಮಾಂಸದಿಂದ ಮುಚ್ಚಿದ್ದರೆ ಅಷ್ಟು ಸುಲಭವಲ್ಲ. ಇಷ್ಟಾಗಿ ಮಾಂಸ ತುಂಬಿದ ಮೇಲೆ ಅದರ ಮೇಲೆ ಹಲ್ಲು ಕೂರಿಸಲು ಮತ್ತೆ ಹೋಗಬೇಕಾದದ್ದು ಅದೇ ಹಲ್ಲಿನವರ ಬಳಿಗೆ. ಹಾಗಾದರೆ ಅವರನ್ನು ಮೊದಲೇ ಕರೆಯಲು ಏನು ಕಷ್ಟ?

ಹಾಗಂತ ಪ್ಲೇಟನ್ನು ಹೊಗಳಿ ಅಟ್ಟಕ್ಕೇರಿಸುವವರ ಪಂಗಡಕ್ಕೂ ನಾನು ಸೇರಿದವನಲ್ಲ. ಸಿಗ್ಮಂಡ್ ಫ್ರಾಯ್ಡ್‌ಗೆ 1923ರಲ್ಲಿ ಅಂಗುಳದ ಕ್ಯಾನ್ಸರಿಗೆ ಆಪರೇಷನ್ ಆಯಿತು. 1939ರಲ್ಲಿ ಸಾಯುವ ತನಕ ಮೂವತ್ತಕ್ಕೂ ಹೆಚ್ಚು ಸಲ ಅವನ ಬಾಯಿಗೆ ಚಾಕು ಬಿತ್ತು. ಬಾಯಲ್ಲಿದ್ದ ಪ್ಲೇಟಿಗೆ ಆ ಮನೆಯಲ್ಲಿ ಇಟ್ಟ ಹೆಸರು ‘ರಾಕ್ಷಸ’. ಹಾಕಲು ನೋವು, ತೆಗೆಯಲು ನೋವು, ಮಗಳು ಆನಾಳ ಸಹಾಯ ಬೇಕು. ಇವತ್ತಿನ ಪ್ಲೇಟು ಅಷ್ಟು ಕ್ರೂರವಲ್ಲ, ಆದರೂ ಸೋರುತ್ತದೆ, ಒತ್ತುತ್ತದೆ, ದಿನಾ ತೊಳೆಯಬೇಕು, ಕೆಲವು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಇದನ್ನು ಮುಚ್ಚಿಟ್ಟರೆ ರೋಗಿ ಎರಡನೇ ವಾರಕ್ಕೆ ಪ್ಲೇಟನ್ನು ಡಬ್ಬಿಯಲ್ಲಿಟ್ಟು ಮತ್ತೆ ಟವೆಲ್ ಹಿಡಿಯುತ್ತಾನೆ.

ದಾವಣಗೆರೆಯಲ್ಲಿ ಕುಳಿತು ಇದನ್ನೆಲ್ಲ ಬರೆಯಬೇಕಾಗಿ ಬಂದದ್ದೇ ಒಂದು ವಿಚಿತ್ರ. ಬಾಪೂಜಿ ಡೆಂಟಲ್ ಕಾಲೇಜು ಇಲ್ಲಿ ಶುರುವಾದದ್ದು 1979ರಲ್ಲಿ. ಆಮೇಲೆ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಬಂತು. ಒಂದೇ ಊರಿನಲ್ಲಿ ಎರಡು ಡೆಂಟಲ್ ಕಾಲೇಜು, ಎರಡು ಮೆಡಿಕಲ್ ಕಾಲೇಜು, ಚಿಗಟೇರಿ ಜಿಲ್ಲಾ ಆಸ್ಪತ್ರೆ. ಕೃತಕ ಹಲ್ಲು, ದವಡೆ ಕಟ್ಟುವ ವಿದ್ಯೆಯಲ್ಲೇ ಸ್ನಾತಕೋತ್ತರ ಪದವಿ ಪಡೆದು ಹೊರಬರುವ ಊರು ಇದು. ದೇಶದ ನಾನಾ ಕಡೆಯ ಮಕ್ಕಳು ಇಲ್ಲಿಗೆ ಬಂದು ಬೆಣ್ಣೆದೋಸೆ ತಿಂದು ಆ ವಿದ್ಯೆ ಕಲಿತು ಹೋಗುತ್ತಾರೆ. 14 ಕಿಲೋಮೀಟರ್ ಆಚೆಯ ಹರಿಹರದ ಮನುಷ್ಯ ಮಾತ್ರ ಬೆಂಗಳೂರಿನ ರೈಲು ಹತ್ತಿ ದವಡೆ ತೆಗೆಸಿಕೊಂಡು, ತೂತು ಹೊತ್ತುಕೊಂಡು ಬಂದು, ತನ್ನ ಊರ ಪಕ್ಕದಲ್ಲೇ ಇದಕ್ಕೆ ಡಾಕ್ಟರುಗಳಿದ್ದಾರೆ ಎನ್ನುವುದನ್ನು ನಾಲ್ಕು ತಿಂಗಳ ಮೇಲೆ ಔಷಧಿ ಅಂಗಡಿಯವನಿಂದ ತಿಳಿದುಕೊಳ್ಳುತ್ತಾನೆ. ಮಾವನಿಗೆ ಹಾಗೇ ಆದದ್ದು. ಇದಕ್ಕೆ ಕಟ್ಟಡ ಬೇಡ, ಬಜೆಟ್ ಬೇಡ. ಆಪರೇಷನ್ನಿನ ತಾರೀಖು ಕೊಡುವ ಮುಂಚೆ ‘ಹಲ್ಲಿನ ವಿಭಾಗದಲ್ಲಿ ಅಳತೆ ಆಯಿತೇ’ ಎಂಬ ಒಂದು ಖಾನೆ ಫಾರಮ್ಮಿನಲ್ಲಿರಬೇಕು.

ಸರ್ಕಾರಕ್ಕೆ ಬಾಯಿಯೊಳಗಿನ ಕೆಲಸ ಸಾರ್ವಜನಿಕ ಕೆಲಸವೆಂದು ಗೊತ್ತಿಲ್ಲವೆನ್ನುವಂತಿಲ್ಲ. 2014ರಲ್ಲಿ ‘ದಂತಭಾಗ್ಯ’ ಎಂದು ಹೆಸರಿಟ್ಟು ಬಡ ಹಿರಿಯರಿಗೆ ಉಚಿತ ಹಲ್ಲುಸೆಟ್ಟು ಕೊಡಲು ಹೊರಟಿತು, ಒಳ್ಳೆಯದೇ. ಅಂಗುಳಕ್ಕೆ ಅಂಥದೊಂದು ಭಾಗ್ಯದ ಹೆಸರು ಹುಟ್ಟಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯ ಪಟ್ಟಿ ಮಾಡಿದೆ; ಆಸಿಡ್ ದಾಳಿಗೆ ಒಳಗಾದವರು ಇದ್ದಾರೆ, ಮಾತಿನ ವೈಕಲ್ಯವೂ ಇದೆ, ಆದರೆ ಮುಖದ ಮೂಳೆ ಕಳೆದುಕೊಂಡವರೆಂಬ ಸಾಲಿಲ್ಲ. ಕೃತಕ ಕಾಲು ಹಂಚುವ ಶಿಬಿರದಲ್ಲಿ ಶಾಸಕರ ಜೊತೆ ಫೋಟೊ ತೆಗೆಸಬಹುದು. ಪ್ಲೇಟಿನ ಫೋಟೊ ಯಾರಿಗೆ ಬೇಕು? ಸರಿಯಾಗಿ ಕೂತರೆ ಅದು ಕಾಣುವುದೇ ಇಲ್ಲ.

ಪೇಟೆಯಲ್ಲಿ ಮಾತ್ರ ನಗುವ ಹಲ್ಲಿನ ಹೋರ್ಡಿಂಗುಗಳಿಗೆ ಕೊರತೆಯಿಲ್ಲ. ಇಂಪ್ಲಾಂಟ್ ಹಾಕಿಸಿಕೊಳ್ಳಿ, ಹೊಸ ನಗು ಪಡೆಯಿರಿ. ಆ ಟೈಟೇನಿಯಂ ಸ್ಕ್ರೂವನ್ನು ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಮೊದಲು ಹಾಕಿದ ರೋಗಿ ಹೋರ್ಡಿಂಗಿನ ಚೆಲುವನಲ್ಲ. ಹುಟ್ಟಿನಿಂದಲೇ ದವಡೆ, ಅಂಗುಳದ ದೋಷವಿದ್ದ, ಅಗಿಯಲು ಆಗದ ಯೋಸ್ಟ ಲಾರ್ಸನ್ ಎಂಬಾತ. ಯಾರಿಗಾಗಿ ಹುಟ್ಟಿದ ವಿದ್ಯೆ ಈಗ ಯಾರ ಅಂಗಡಿಯಲ್ಲಿ ಕೂತಿದೆ ನೋಡಿ.

ಮಾವನ ಖಾಯಂ ಪ್ಲೇಟು ಮೂರನೇ ಸಲ ಹೊಂದಿಸಲು ಹೋದಾಗ ನಾನೂ ಜೊತೆಗಿದ್ದೆ. ಎಲ್ಲಿ ಒತ್ತುತ್ತಿದೆ ಎಂದು ಕಂಡುಹಿಡಿಯಲು ಆ ಪಿ.ಜಿ. ಹುಡುಗಿ ಉಬ್ಬಿಗೆ ಬಿಳಿ ಪೇಸ್ಟು ಸವರಿ ಬಾಯಿಗಿಟ್ಟು ತೆಗೆದಳು. ಒತ್ತಿದ ಜಾಗದಲ್ಲಿ ಪೇಸ್ಟು ಅಳಿಸಿ ಅಕ್ರಿಲಿಕ್ ಕಾಣುತ್ತಿತ್ತು. ಮಾವನಿಗೆ ಖುಷಿಯೋ ಖುಷಿ. “ಇದು ನಮ್ಮ ಬ್ಲೂ ಮ್ಯಾಚಿಂಗಪ್ಪಾ! ನಾವು ನೀಲಿ ಹಚ್ತಿದ್ವಿ, ಇವರು ಬಿಳಿ.” ಆಮೇಲೆ ಆಕೆ ಕೆರೆಯುತ್ತಿದ್ದ ರೀತಿ ಸರಿಯಿಲ್ಲವೆಂದು, ಇನ್ನೆರಡು ಥೌ (ಇಂಚಿನ ಸಾವಿರದಲ್ಲೊಂದು ಪಾಲು) ಅಷ್ಟೇ ತೆಗಿಯಮ್ಮ ಜಾಸ್ತಿ ಬೇಡ ಎಂದು, ತಾವೇ ಕೈಗೆ ತೆಗೆದುಕೊಳ್ಳಲು ಹೋದರು. ಆಕೆ ಕೊಡಲಿಲ್ಲ.

ಹದಿನೈದು ದಿನ ಬಿಟ್ಟು ಮತ್ತೆ ಹರಿಹರದಲ್ಲಿ ಬಸ್ಸು ಹತ್ತಿದೆವು. ಮಾವ “ದಾವಣಗೆರೆ, ಎರಡು” ಎಂದರು. ಕಂಡಕ್ಟರ್ ತಲೆ ಎತ್ತದೆ ಟಿಕೆಟ್ ಹರಿದು, ಚಿಲ್ಲರೆ ಇಲ್ಲ, ಆಮೇಲೆ ಕೊಡ್ತೀನಿ ಎಂದ. ಆಮೇಲೆ ಎಂಬ ಪದ ಕೇಳಿದ್ದೇ ತಡ, ಮಾವ ದೊಡ್ಡಬಾತಿ ದಾಟುವವರೆಗೂ ಅವನ ಜೊತೆ ಜಗಳ ಆಡಿದರು.